ನಾಲ್ಕನೆಯ ಅಂಚು

ಮಂಜು ಅಂಗಳದೊಳಗೇ ಬಂದು ನಿಂತುಬಿಟ್ಟಿತ್ತು. ಹೊಳೆಯಲ್ಲಿ ಎದ್ದು, ಬೀದಿ ದಾಟಿ, ಬಾಗಿಲು ತಟ್ಟದೆ, ಮನೆಯವರಂತೆ ಒಳಗೆ ಬಂದಿತ್ತು. ಮಗಳು ಅದರ ನಡುವೆ ಕೈ ಚಾಚಿ, ತಂತಿಯ ಮೇಲಿದ್ದ ಕಾಗದದ ಬಟ್ಟೆಗಳ ಕ್ಲಿಪ್ಪು ಬಿಡಿಸಿ, ಒಂದೊಂದಾಗಿ ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದಳು. ಅಮ್ಮ ಹಾಸಿಗೆಯಲ್ಲಿ ಮಲಗಿಯೇ ಇಷ್ಟು ನೀರು, ಇಷ್ಟು ಅಂಟು ಎಂದು ಹೇಳಿ, ಚಿಕ್ಕಮ್ಮನ ಕೈಯಿಂದ ಮಾಡಿಸಿದ್ದ ಕೊನೆಯ ಬಟ್ಟೆಗಳು ಅವು. ಥಂಡಿ ಹಿಡಿದರೆ ಮೆತ್ತಗಾಗುತ್ತವೆ. ಮೆತ್ತಗಾದರೆ ಸೂಜಿ ಹೋದಲ್ಲೆಲ್ಲ ಹರಿಯುತ್ತವೆ. ಇನ್ನು ಅವುಗಳಿಗೆ ಸೂಜಿ ಹಾಕುವವರು ಯಾರೆಂದು ಅವಳು ಯೋಚಿಸಲಿಲ್ಲ. ಮಂಜು ಬಿದ್ದ ದಿನ ಬಟ್ಟೆ ಒಳಗೆ ತರಬೇಕು. ಈ ಮನೆಯಲ್ಲಿ ಬೆಳೆದ ಕೈಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅಮ್ಮ ನಡುಮನೆಯಲ್ಲಿ ಮಲಗಿದ್ದಳು. ಕತ್ತಿನವರೆಗೆ ಬಿಳಿ ಹೊದಿಕೆ. ನಿನ್ನೆ ದೀಪ ಹಚ್ಚುವ ಹೊತ್ತಿಗೆ ತಂಗಿಯ ಕೈಯಿಂದ ಒಂದು ಗುಟುಕು ನೀರು ಕುಡಿದು, "ಸಾಕು" ಅಂದವಳು, ಅಲ್ಲಿಗೇ ಸಾಕು ಮಾಡಿದ್ದಳು.

"ದೋಣಿಯವನು ಹೇಳಿ ಕಳಿಸಿದಾನೆ," ಚಿಕ್ಕಮ್ಮ ಬಾಗಿಲಲ್ಲಿ ನಿಂತು ಹೇಳಿದಳು. "ಆಚೆ ದಡ ಕಣ್ಣಿಗೆ ಬೀಳೋವರೆಗೂ ದೋಣಿ ಬಿಡಲ್ಲವಂತೆ. ಕಂಡ ಕೂಡಲೇ ಗಂಟೆ ಬಾರಿಸ್ತಾನಂತೆ."

ಈ ಪೇಟೆಯವರು ತಮ್ಮವರನ್ನು ಮಣ್ಣಿಗೆ ಕೊಡುವ ಜಾಗ ಹೊಳೆಯಾಚೆ ಇತ್ತು. ದೋಣಿಯಿಲ್ಲದೆ ಅಲ್ಲಿಗೆ ದಾರಿಯಿರಲಿಲ್ಲ.

"ಯಾವಾಗ ಕಂಡೀತು ಚಿಕ್ಕಮ್ಮ?"

"ಮಂಜನ್ನ ಕೇಳು, ನನ್ನ ಯಾಕೆ ಕೇಳ್ತೀಯ?" ಅಂದವಳು ದನಿ ಇಳಿಸಿದಳು. "ನಿಮ್ಮಪ್ಪ ಎದ್ದು ಬಂದ್ರಾ?"

"ಇಲ್ಲ. ಅಮ್ಮನ ಕೆಲಸದ ಕೋಣೇಲೇ ಇದಾರೆ. ಬಾಗಿಲು ಮುಂದೆ ಮಾಡ್ಕೊಂಡು."

"ಏನ್ ಮಾಡ್ತಿದಾರೆ?"

ಹೇಳಲು ಮಗಳಿಗೆ ಒಂಥರಾ ಆಯಿತು. ಹೊರಗೆ ಬೆಂಚಿನ ಮೇಲೆ ಜನ ಬಂದು ಕೂರುತ್ತಿದ್ದರು. ಅವರಿಗೆ ಕೇಳಿಸದ ಹಾಗೆ ಹೇಳಿದಳು. "ಪುಸ್ತಕ ಓದ್ತಿದಾರೆ."

ಚಿಕ್ಕಮ್ಮನಿಗೆ ಅಚ್ಚರಿಯಾದಂತೆ ಕಾಣಲಿಲ್ಲ. ಅಕ್ಕನ ಹೊದಿಕೆಯ ಅಂಚನ್ನು ಎಳೆದು ನೇರ ಮಾಡಿದಳು. ನೇರವಾಗಿಯೇ ಇದ್ದದ್ದನ್ನು.

"ಓದಲಿ ಬಿಡು," ಅಂದಳು.

*

ಪೇಟೆಯಲ್ಲಿ ಅಮ್ಮನನ್ನು ಎಲ್ಲರೂ ಗುರುತಮ್ಮ ಎಂದು ಕರೆಯುತ್ತಿದ್ದರು. ಓದುವವರು ಪುಸ್ತಕದ ನಡುವೆ ಇಟ್ಟುಕೊಳ್ಳುವ ಗುರುತನ್ನು ಹೊಲಿಯುವುದು ಅವಳ ಕೆಲಸ. ಅದೂ ಒಂದು ಕೆಲಸವೇ ಎಂದು ಕೇಳಿದವರಿಗೆ ಅವಳು ಉತ್ತರ ಕೊಟ್ಟದ್ದಿಲ್ಲ. ಒಂದು ಗುರುತು ಕೊಟ್ಟು ಕಳಿಸುತ್ತಿದ್ದಳು.

ಮೊದಲು ಅವಳು ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಿಸುವ ಕೆಲಸಕ್ಕೆ ಸೇರಿದವಳು. ಅಲ್ಲಿ ದಿನವೂ ಪುಸ್ತಕಗಳ ಅಂಚು ಕತ್ತರಿಸಿ ಕತ್ತರಿಸಿ ಕಾಗದದ ಚೂರಿನ ಗುಡ್ಡೆ ಬೀಳುತ್ತಿತ್ತು.

"ಇದನ್ನ ಏನ್ ಮಾಡ್ತೀರಿ?" ಎಂದು ಬೈಂಡರನ್ನು ಕೇಳಿದ್ದಳು.

"ಒಲೆಗೆ ಹಾಕ್ತೀನಿ."

"ನನಗೆ ಕೊಡಿ."

"ನಿಮ್ಮನೇಲಿ ಒಲೆ ಇಲ್ವೇನಮ್ಮಾ?"

ಅವಳ ಮನೆಯಲ್ಲಿ ತೊಟ್ಟಿ ಇತ್ತು. ಗಂಡ ಪೇಟೆಯ ನೀರುಗಂಟಿ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂದು ನೋಡಿ, ಕೊಳಾಯಿಯ ದೊಡ್ಡ ತಿರುಗಣೆಗಳನ್ನು ತಿರುಗಿಸಿ ಬರುವವನು. ಊರಿಗೆ ನೀರು ಬಿಡುವವನ ಮನೆಯಲ್ಲಿ ನೀರಿಗೆ ಬರವೇ? ಚೂರುಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಕೊಳೆಸಿ, ಕುಟ್ಟಿ, ಗಂಜಿಯಂತೆ ಮಾಡಿ, ಜರಡಿಯಲ್ಲಿ ಎತ್ತಿದಳು. ಒಣಗಿದ ಮೇಲೆ ಮುಟ್ಟಿದರೆ ಉದುರಿತು. ಮತ್ತೆ ಎತ್ತಿದಳು, ಮತ್ತೆ ಉದುರಿತು. ಗಂಡ ನೋಡಿ, "ಹಪ್ಪಳಾನಾ?" ಎಂದು ಕೇಳಿದ. ಕೊನೆಗೊಂದು ದಿನ, ಉಟ್ಟು ಉಟ್ಟು ಜಾಳಾಗಿದ್ದ ತೆಳು ಬಟ್ಟೆಯೊಂದನ್ನು ಹಲಗೆಯ ಮೇಲೆ ಹಾಸಿ, ತಿಳಿ ಅಂಟು ಬಳಿದು, ಹಸಿ ಕಾಗದವನ್ನು ಅದರ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿದಳು. ಒಣಗಿದಾಗ ಎರಡೂ ಒಂದಾಗಿದ್ದವು. ಕಾಗದ ಅನ್ನೋಣವೆಂದರೆ ಹರಿಯಲಿಲ್ಲ. ಬಟ್ಟೆ ಅನ್ನೋಣವೆಂದರೆ ಹಿಡಿದಾಗ ಸರಸರ ಸದ್ದು ಮಾಡಿತು. ಅಲ್ಲೊಂದು ಅಕ್ಷರದ ಕೊಂಬು, ಇಲ್ಲೊಂದು ಒತ್ತಿನ ಬಾಲ, ಯಾವುದೋ ಮಾತಿನ ಚೂರುಗಳು ಅದರ ಮೈಮೇಲೆ ಇರುವೆಯ ಹಾಗೆ ಕೂತಿದ್ದವು.

ಅದನ್ನು ಬೆರಳುದ್ದ, ಎರಡು ಬೆರಳಗಲ ಪಟ್ಟಿ ಮಾಡಿ, ಒಳಗೆ ಉಸಿರಿನಷ್ಟು ತೆಳುವಾಗಿ ಹತ್ತಿ ಹರಡಿ, ಹಿಂದೆ ಹಳೆಯ ಅಂಗಿಯ ತುಂಡು ಕೊಟ್ಟು, ಕೌದಿ ಹೊಲಿದಂತೆ ಸಾಲುಸಾಲಾಗಿ ಹೊಲಿಯುತ್ತಿದ್ದಳು. ಹೊಲಿಗೆಗೆ ಕೂರುವ ಮುಂಚೆ ರೀಲಿನ ದಾರವನ್ನು ಭುಜದಿಂದ ಬೆರಳ ತುದಿಯವರೆಗೆ ಎಳೆದು, ಹಲ್ಲಿನಿಂದ ಕಡಿದು, ಆಮೇಲೇ ಸೂಜಿಗೆ ಪೋಣಿಸುವುದು. "ಮೊದಲು ಅಳತೆ, ಆಮೇಲೆ ಸೂಜಿ," ಎಂದು ಮಗಳಿಗೆ ಹೇಳಿಕೊಟ್ಟಿದ್ದಳು.

ಮೂರು ಅಂಚು ಹೊಲಿದು ನಾಲ್ಕನೆಯದನ್ನು ಬಿಡುತ್ತಿದ್ದಳು. "ಪುಸ್ತಕ ಮುಗಿಸಿ ತನ್ನಿ. ಆಗ ಬಾಯಿ ಹೊಲಿದು ಕೊಡ್ತೀನಿ. ಮುಗಿಯದ ಪುಸ್ತಕಕ್ಕೆ ಮುಗಿದ ಗುರುತು ಯಾಕೆ?" ತಂದವರನ್ನು ಎದುರಿಗೆ ಕೂರಿಸಿಕೊಂಡು, ಸೂಜಿಗೆ ದಾರ ಹಾಕುತ್ತ ಕೇಳುತ್ತಿದ್ದಳು: "ಸರಿ, ಕೊನೆಗೆ ಏನಾಯ್ತು?" ಅವರು ಹೇಳಿ ಮುಗಿಸುವಷ್ಟರಲ್ಲಿ ಅಂಚು ಮುಚ್ಚಿರುತ್ತಿತ್ತು. ಹೀಗೆ, ಕಣ್ಣಿಗೆ ಅಕ್ಷರ ಹತ್ತಿರವಾದರೆ ತಲೆ ಸಿಡಿಯುತ್ತಿದ್ದ ಆ ಹೆಂಗಸಿಗೆ ಪೇಟೆಯ ಪುಸ್ತಕಗಳ ಕೊನೆಗಳೆಲ್ಲ ಗೊತ್ತಿದ್ದವು.

ಮಗಳು ಚಿಕ್ಕವಳಿದ್ದಾಗ ಒಮ್ಮೆ, ಬಟ್ಟೆಯೇ ಎಂದುಕೊಂಡು, ಹೊಲಿದಿಟ್ಟಿದ್ದ ಗುರುತುಗಳನ್ನು ಸೋಪು ಹಾಕಿ ಒಗೆದುಬಿಟ್ಟಿದ್ದಳು. ಕಾಗದ ಕರಗಿ, ಕೈಯಲ್ಲಿ ಜಾಳು ಬಟ್ಟೆ ಉಳಿದಾಗ ಹೋ ಎಂದು ಅತ್ತಳು. ಅಮ್ಮ ಬೈಯಲಿಲ್ಲ. ಆ ಬಿಳಿ ನೀರನ್ನು ತಂದು ತೊಟ್ಟಿಗೇ ಸುರಿದಳು.

"ನೀರಿಗೆ ಹೋದ ಕಾಗದ ಎಲ್ಲಿಗೂ ಹೋಗಲ್ಲ ಕಣೇ. ದೇವರು ಅದನ್ನ ಹಾಗೆ ಮಾಡಿದಾನೆ. ಮತ್ತೆ ಎತ್ತಿದರಾಯ್ತು."

*

"ಇವತ್ತು ಈ ಮಂಜು ಹರಿಯೋ ಲಕ್ಷಣ ಇಲ್ಲ," ಬ್ರೆಡ್ ಅಂಗಡಿಯವನು ಬೆಂಚಿನ ಮೇಲೆ ಕೂತು ಕೈ ಉಜ್ಜಿಕೊಂಡ. ತೋಳಿನ ಮಡಿಕೆಯಲ್ಲಿ ಇನ್ನೂ ಹಿಟ್ಟು ಇತ್ತು. ಹೊರುವ ನಾಲ್ವರಲ್ಲಿ ಅವನೂ ಒಬ್ಬ.

"ನಿನಗೆ ಅವಸರ ಏನು?" ಮುದುಕ ಬೈಂಡರು ಕೇಳಿದ. ಕೈಲಾಗದೆ ಅವನು ಅಂಗಡಿ ಮುಚ್ಚಿದ್ದ. "ಅವಳಿಗೇ ಇಲ್ಲ."

"ಅವಸರ ಅಲ್ಲ ಯಜಮಾನ್ರೇ. ಕೂತರೆ ಅಳು ಬರುತ್ತೆ. ಹೊತ್ತರೆ ಭಾರ ಅಷ್ಟೆ."

ಬ್ರೆಡ್ಡಿನವನು ಜೇಬಿಗೆ ಕೈ ಹಾಕಿ ಒಂದು ಗುರುತು ತೆಗೆದ. ಎಣ್ಣೆ ಹಿಡಿದು, ಬಣ್ಣ ಕೆಟ್ಟು, ತೆರೆದ ಬಾಯಿಯಿಂದ ಪೆನ್ಸಿಲಿನ ಮೊನೆ ಇಣುಕುತ್ತಿತ್ತು.

"ನೋಡಿ. ನಂದು ಬಾಯಿ ಇನ್ನೂ ತೆರೆದೇ ಇದೆ."

"ನಿನ್ನ ಬಾಯಿ ಮುಚ್ಚಿದ್ದು ಯಾವಾಗ?"

ಬೆಂಚು ಸಣ್ಣಗೆ ನಕ್ಕಿತು. ನಡುಮನೆಯ ಕಡೆ ನೋಡಿ ಸುಮ್ಮನಾಯಿತು.

"ಒಂದ್ಸಲ ಹೊಲಿಸ್ಕೊಳ್ಳೋಣ ಅಂತ ಬಂದೆ," ಬ್ರೆಡ್ಡಿನವನು ಹೇಳಿದ. "ಓದಿರಲಿಲ್ಲ. ಓದಿದೀನಿ ಅಂದೆ. ಸೂಜಿ ತಗೊಂಡ್ರು. 'ಕೊನೆಗೆ ಏನಾಯ್ತಪ್ಪಾ?' ಅಂದ್ರು. 'ಆಗೋದೇನು, ಎಲ್ಲಾ ಒಂದಾಗಿ ಸುಖವಾಗಿದ್ರು' ಅಂದೆ. 'ಯಾವ ಪುಸ್ತಕ ಅದು?' ಅಂದ್ರು. ತೆಗೆದು ತೋರಿಸಿದೆ." ಅವನು ಗುರುತಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ. "ಜೇನು ಸಾಕೋದು ಹೇಗೆ ಅನ್ನೋ ಪುಸ್ತಕ."

ಈ ಸಲ ಬೈಂಡರು ನಕ್ಕ ಭರಕ್ಕೆ ಕೆಮ್ಮು ಬಂತು. ಬಾಗಿಲಲ್ಲಿದ್ದ ಚಿಕ್ಕಮ್ಮನೂ ನಕ್ಕಳು. ನಕ್ಕು, ಶಾಲಿನಿಂದ ಕಣ್ಣೊರೆಸಿಕೊಂಡಳು.

"ಬೈದಳಾ?"

"ಇಲ್ಲ. 'ಜೇನುಹುಳ ಒಂದಾಗೇ ಇರ್ತಾವೆ, ನೀನು ಹೇಳಿದ್ದು ಸುಳ್ಳಲ್ಲ. ಆದರೂ ಓದ್ಕೊಂಡು ಬಾ' ಅಂದು ವಾಪಸ್ ಕೊಟ್ರು." ಪೆನ್ಸಿಲನ್ನು ಒಳಕ್ಕೆ ತಳ್ಳಿ ಗುರುತನ್ನು ಜೇಬಿಗಿಟ್ಟ. "ಇನ್ನ ಇದನ್ನ ಯಾರು ಹೊಲೀತಾರೆ?"

ಮಂಜು ಮೆಟ್ಟಿಲ ಹತ್ತಿರ ಬಂದು, ಇನ್ನೊಂದು ಮೆಟ್ಟಿಲು ಹತ್ತಲೋ ಬೇಡವೋ ಎಂಬಂತೆ ನಿಂತಿತ್ತು.

"ನೀರುಗಂಟಿ ಎಲ್ಲಿ? ಬಂದಾಗಿಂದ ಕಂಡೇ ಇಲ್ಲ," ಬೈಂಡರು ಕೇಳಿದ.

"ಒಳಗೆ ಓದ್ತಿದಾರಂತೆ," ಬೆಂಚಿನ ತುದಿಯಿಂದ ಯಾರೋ ಹೇಳಿದರು.

"ಇವತ್ತಾ?" ಬ್ರೆಡ್ಡಿನವನು ಹುಬ್ಬೇರಿಸಿದ. "ಹೆಂಡತಿ ನಡುಮನೇಲಿ ಮಲಗಿರೋವಾಗ?"

"ಬಾವಿ ತೋಡೋನ ಕತೇನಾ?" ಬೈಂಡರು ಚಿಕ್ಕಮ್ಮನ ಮುಖ ನೋಡಿದ.

ಅವಳು ಹೌದೆಂದು ತಲೆಯಾಡಿಸಿದಳು. ಮುದುಕ ಕೋಲಿನ ಮೇಲೆ ಗಲ್ಲ ಊರಿ, "ಹಾಗಾದ್ರೆ ಮಂಜು ಇನ್ನೊಂದಿಷ್ಟು ಹೊತ್ತು ಇರಲಿ," ಅಂದ.

*

ಆ ಪುಸ್ತಕ ಬೈಂಡಿಂಗ್ ಅಂಗಡಿಯಿಂದಲೇ ಬಂದದ್ದು. ಯಾರೋ ರಟ್ಟು ಕಟ್ಟಿಸಲು ಕೊಟ್ಟು, ಮರೆತೋ ಊರು ಬಿಟ್ಟೋ, ಒಯ್ಯಲು ಬರಲೇ ಇಲ್ಲ. ಮೊದಲ ಹಾಳೆಗಳು ಹೋಗಿದ್ದವು. ಅದಕ್ಕೆ ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಅಂಗಡಿ ಮುಚ್ಚುವ ದಿನ ಬೈಂಡರು ಅದನ್ನು ಗುರುತಮ್ಮನ ಕೈಗಿಟ್ಟ. ಅವಳು ಗಂಡನ ಕೈಗಿಟ್ಟಳು.

"ನಾನು ಹೊಲೀತಿರ್ತೀನಿ. ನೀವು ಓದಿ ಹೇಳಿ."

ನೀರುಗಂಟಿ ಸಂಜೆಯ ನೀರು ಬಿಟ್ಟು ಬಂದು, ಕೈಕಾಲು ತೊಳೆದು, ಕಿಟಕಿಯ ಪಕ್ಕ ಕೂತು ಓದುತ್ತಿದ್ದ. ನಾಲ್ಕು ಪುಟ ಓದಿದರೆ ತೂಕಡಿಕೆ. ಅವನು ತೂಕಡಿಸಿದರೆ ಅವಳು ಕತ್ತರಿಯನ್ನು ಮೇಜಿನ ಮೇಲೆ ಟಕ್ಕೆಂದು ಇಡುವಳು. ಅವನು ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ, ಮಲಗಿಯೇ ಇರಲಿಲ್ಲವೆಂಬಂತೆ, ಮುಂದುವರಿಸುವನು. ಗಂಡನಿಗೂ ಅವಳು ಗುರುತು ಹೊಲಿದು ಕೊಟ್ಟಿದ್ದಳು, ನೀಲಿ ದಾರದ್ದು. ಹಿಂಬದಿಗೆ ಅವನದೇ ಕೆಲಸದ ಅಂಗಿಯ ತುಂಡು. ಬಾಯಿ ತೆರೆದಿತ್ತು.

ಅದು ಬಾವಿ ತೋಡುವ ಒಬ್ಬನ ಕತೆ. ಊರಿಗೆ ನೀರಿಲ್ಲ. ಅವನೊಬ್ಬನೇ ತೋಡುತ್ತ ತೋಡುತ್ತ ಕೆಳಗಿಳಿಯುತ್ತಾನೆ. ಮೇಲಿನ ಆಕಾಶ ತಟ್ಟೆಯಷ್ಟಾಗುತ್ತದೆ, ಬಟ್ಟಲಷ್ಟಾಗುತ್ತದೆ. ಒಂದು ದಿನ ಗುದ್ದಲಿ ನಿಲ್ಲಿಸಿ ಉಸಿರು ಬಿಡುವಾಗ ಅವನಿಗೊಂದು ಸದ್ದು ಕೇಳುತ್ತದೆ. ಮಣ್ಣಿನ ಆ ಕಡೆಯಿಂದ, ಯಾರೋ ತನ್ನತ್ತಲೇ ತೋಡಿಕೊಂಡು ಬರುತ್ತಿರುವ ಸದ್ದು.

"ಇನ್ನೊಂದು ಊರಿನವನು," ನೀರುಗಂಟಿ ಪುಸ್ತಕ ಮಡಿಸಿ ಹೇಳಿದ್ದ. "ಆ ಕಡೆಯಿಂದ ಅವನೂ ತೋಡ್ತಿದಾನೆ. ಕೊನೇಲಿ ಇಬ್ಬರೂ ಸಿಗ್ತಾರೆ, ನೋಡ್ತಿರು."

ಅವಳು ಸೂಜಿ ಎತ್ತಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದಳು. "ಮನುಷ್ಯ ಅಲ್ಲ ಕಣ್ರೀ. ನೀರು."

"ನೀರು ತೋಡುತ್ತಾ?"

"ಇಷ್ಟು ವರ್ಷ ಊರಿಗೆಲ್ಲ ನೀರು ಬಿಟ್ಟವರು ನೀವು. ನೀರಿನ ಸದ್ದು ಗೊತ್ತಾಗಲ್ವಾ?"

"ಬಾಜಿ?"

"ಬಾಜಿ. ನೀವು ಗೆದ್ದರೆ ಎಂದಿನ ಹಾಗೆ ನಾನೇ ಬಾಯಿ ಹೊಲೀತೀನಿ. ನಾನು ಗೆದ್ದರೆ ನೀವು ಹೊಲೀಬೇಕು."

"ನಾನಾ? ಈ ಕೈಯಲ್ಲಾ?" ಅವನು ತಿರುಗಣೆ ತಿರುಗಿಸಿ ಜಡ್ಡುಗಟ್ಟಿದ ಕೈಯನ್ನು ದೀಪಕ್ಕೆ ಹಿಡಿದಿದ್ದ. ಅವಳು ನಕ್ಕ ನಗು ಬಹಳ ಹೊತ್ತು ಇತ್ತು.

ಕತೆಯ ಕೊನೆ ಇನ್ನೇನು ಬೆರಳ ದಪ್ಪ ಉಳಿದಿದೆ ಎನ್ನುವಾಗ ಅವಳು ಹಾಸಿಗೆ ಹಿಡಿದಳು. ಎದೆ ಸೋತಿದೆ, ಇನ್ನು ಇರುವಷ್ಟು ದಿನ ನೆಮ್ಮದಿಯಾಗಿ ನೋಡಿಕೊಳ್ಳಿ, ಅಂದರು ಡಾಕ್ಟರು. ಅಂದು ಸಂಜೆ ಓದಿ ಮುಗಿಸಿದ ಮೇಲೆ ನೀರುಗಂಟಿ ಗುರುತನ್ನು ಎಲ್ಲಿಡಬೇಕಿತ್ತೋ ಅಲ್ಲಿಡಲಿಲ್ಲ. ಎರಡು ಹಾಳೆ ಹಿಂದಕ್ಕಿಟ್ಟ. ಮಾರನೆಯ ದಿನ ಅದನ್ನೇ ಮತ್ತೆ ಓದಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಔಷಧದ ಮಂಪರು, ತಿಳಿದಿರಲಾರದು ಎಂದುಕೊಂಡ. ಆಮೇಲೆ ಅದೇ ರೂಢಿಯಾಯಿತು. ಬಾವಿ ತೋಡುವವನು ದಿನವೂ ಅದೇ ಗುದ್ದಲಿ ಎತ್ತಿದ, ಅದೇ ಸದ್ದು ಕೇಳಿದ, ಅದೇ ಮಣ್ಣಿನ ಮುಂದೆ ನಿಂತ. ಸುಸ್ತಾಗಿದ್ದರೂ ಅವಳು ಒಮ್ಮೊಮ್ಮೆ ಕೇಳುವಳು: "ಇನ್ನೂ ಸಿಗಲಿಲ್ವಾ?"

"ಇನ್ನೇನು ಬಂತು."

"ಸರಿ. ನಾಳೆ ಓದಿ."

ಪುಸ್ತಕ ಮುಗಿಯದಿದ್ದರೆ ಅವಳೂ ಇರುತ್ತಾಳೆ ಎಂದು ಅವನು ನಂಬಿದ್ದನೇ? ಕೇಳಿದ್ದರೆ ಇಲ್ಲ ಎನ್ನುತ್ತಿದ್ದ. ಕೇಳದಿದ್ದುದರಿಂದ ನಂಬಿದ್ದ.

*

ಮಗಳು ಕೋಣೆಯ ಬಾಗಿಲು ತಳ್ಳಿದಾಗ ಅಂಟಿನ ಹುಳಿವಾಸನೆ ಎಂದಿನಂತೆ ಮೂಗಿಗೆ ಬಂತು. ಗೋಡೆಗೆ ಒರಗಿಸಿಟ್ಟ ಜರಡಿಗಳು. ಮೊಳೆಗೆ ತೂಗುಹಾಕಿದ್ದ ಅಮ್ಮನ ಶಾಲು. ಅದರ ಅಂಚಿನಲ್ಲಿ, ಎಂದೂ ಇರುವಲ್ಲಿ, ಸೂಜಿ. ಅಪ್ಪ ಅಮ್ಮನ ಕುರ್ಚಿಯಲ್ಲಿ ಕೂತಿದ್ದ. ಪುಸ್ತಕ ತೊಡೆಯ ಮೇಲೆ ತೆರೆದಿತ್ತು. ಓದುತ್ತಿರಲಿಲ್ಲ.

"ಅಪ್ಪ, ಎಲ್ಲಾ ಬಂದಿದಾರೆ."

"ಮಂಜು?"

"ಇನ್ನೂ ಇದೆ."

"ಕೊನೇ ಹಾಳೆ ಒಂದು ಉಳಿದಿದೆ," ಅಪ್ಪ ಹೇಳಿದ. ದನಿ ಒರಟಾಗಿತ್ತು. ಬೆಳಗಿನಿಂದ ಮಾತಾಡದ ದನಿ. "ಬೆಳಕು ಹರಿದಾಗಿಂದ ಓದ್ತಾ ಬಂದೆ. ಇಲ್ಲಿಗೆ ಬಂದು ಕೈ ಏಳ್ತಿಲ್ಲ."

ಮಗಳು ನೆಲದ ಮೇಲೆ ಅವನ ಕಾಲ ಹತ್ತಿರ ಕೂತಳು.

"ಅವಳು ಕೇಳಿ ಕೇಳಿ ಹೋದ್ಲು ಕಣಮ್ಮ. ಕೊನೆ ಏನಾಯ್ತು ಅಂತ. ಊರಿನವರೆಲ್ಲ ಬಂದು ಅವಳಿಗೆ ಕೊನೆ ಹೇಳಿ ಹೋಗ್ತಿದ್ರು. ಮನೇಲಿದ್ದ ನಾನು ಹೇಳಲಿಲ್ಲ." ಅವನು ಹಾಳೆಗಳನ್ನು ಹಿಂದಕ್ಕೆ ಸರಿಸಿ ತೋರಿಸಿದ. "ನೋಡು ಇದನ್ನ. ನಾನು ಮಾಡಿದ ಮೋಸ."

ಕೌದಿ ಹೊಲಿಗೆಯ ಗುರುತು ದಪ್ಪಗಿರುತ್ತದೆ. ಇಟ್ಟಲ್ಲಿ ಅದರ ಹೊಲಿಗೆಯ ಸಾಲು ಹಾಳೆಯ ಮೇಲೆ ಸಣ್ಣ ಸಣ್ಣ ಕುಳಿಗಳಾಗಿ ಮೂಡುತ್ತದೆ. ಪುಸ್ತಕದ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಅಂಥ ಗುರುತಿತ್ತು. ಕೊನೆಯ ಬೆರಳ ದಪ್ಪದಲ್ಲಿ ಮಾತ್ರ ಒಂದರ ಮೇಲೊಂದು, ಮಳೆ ಹನಿ ಬಿದ್ದ ಧೂಳಿನಂತೆ, ಹಾಳೆಗಳೆಲ್ಲ ಕುಳಿಬಿದ್ದಿದ್ದವು.

"ಅಷ್ಟೂ ನಿಮ್ಮದಲ್ಲ ಭಾವ."

ಚಿಕ್ಕಮ್ಮ ಯಾವಾಗ ಬಂದಳೋ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಏನು?"

"ಮಧ್ಯಾಹ್ನ ನೀವು ನೀರು ಬಿಡೋಕೆ ಹೋದ ಮೇಲೆ ಅಕ್ಕ ಪುಸ್ತಕ ಕೊಡು ಅನ್ನೋಳು. ತೆಗೆದು, ಹಾಳೆ ಮೇಲೆ ಬೆರಳಾಡಿಸೋಳು. ಅವಳ ಹೊಲಿಗೆ ಅವಳಿಗೆ ಗೊತ್ತಾಗಲ್ವಾ? 'ನೋಡೇ, ಮೊನ್ನೆ ಇಲ್ಲಿಗೆ ಬಂದಿತ್ತು, ಇವತ್ತು ಹಿಂದೆ ಹೋಗಿದೆ. ಕಳ್ಳ,' ಅಂತ ನಗೋಳು."

ನೀರುಗಂಟಿ ಅವಳನ್ನೇ ನೋಡಿದ.

"ಆಮೇಲೆ ತಾನೂ ಗುರುತು ತೆಗೆದು ಇನ್ನೊಂದು ಹಾಳೆ ಹಿಂದಕ್ಕಿಟ್ಟು ಪುಸ್ತಕ ಮುಚ್ಚೋಳು."

"ಅವಳಾ?"

"ನಾನೇ ನೋಡಿದೀನಿ. ಒಂದಿನ ಅಲ್ಲ, ದಿನಾ. 'ಯಾಕೆ ಅಕ್ಕ, ಕೊನೆ ಕೇಳೋ ಆಸೆ ಇಲ್ವಾ?' ಅಂದೆ. 'ನನಗೆ ಕೊನೆ ಗೊತ್ತು. ಅವರು ಓದೋದು ಕೇಳಬೇಕು, ಅಷ್ಟೆ. ಹೇಳಬೇಡ ಕಣೇ, ಹೇಳಿದ್ರೆ ನಾಚಿಕೊಂಡು ಮುಂದಕ್ಕೆ ಓದಿಬಿಡ್ತಾರೆ' ಅಂದ್ಲು."

ನೀರುಗಂಟಿ ಕಿಟಕಿಯತ್ತ ತಿರುಗಿದ. ಕಿಟಕಿಯಾಚೆ ಮಂಜಿನಲ್ಲಿ ಖಾಲಿ ತಂತಿ ತೂಗುತ್ತಿತ್ತು.

"ಒಂದಿನ ಮನಸ್ಸು ಗಟ್ಟಿ ಮಾಡ್ಕೊಂಡು, ಆಗಿದ್ದಾಗಲಿ ಅಂತ, ಓದಿದಲ್ಲೇ ಗುರುತಿಟ್ಟೆ," ಕೊನೆಗೆ ಹೇಳಿದ. "ಮಾರನೇ ದಿನ ತೆಗೆದ್ರೆ ಹಿಂದಕ್ಕಿತ್ತು. ನನಗೆ ಅರಳುಮರಳು ಶುರುವಾಯ್ತು ಅಂದ್ಕೊಂಡೆ. ನಿಮಗ್ಯಾರಿಗೂ ಹೇಳಲಿಲ್ಲ." ಅವನ ಹೊಟ್ಟೆ ಕುಲುಕಿತು. ಅಳು ಎಂದು ಮಗಳು ಕೈ ಹಿಡಿದಳು. ನಗು. ಆಮೇಲೆ ಅಳು. ತೊಟ್ಟಿಯಲ್ಲಿ ನೀರೂ ಕಾಗದವೂ ಸೇರಿದಂತೆ ಅವೆರಡೂ ಬೆರೆತುಹೋಗಿದ್ದವು.

ಹೊಳೆಯ ಕಡೆಯಿಂದ ಗಂಟೆ ಕೇಳಿಸಿತು. ದೂರದ್ದು, ಒದ್ದೆ ಬಟ್ಟೆಯೊಳಗೆ ಸುತ್ತಿಟ್ಟಂಥ ಸದ್ದು.

"ಆಚೆ ದಡ ಕಂಡಿರಬೇಕು," ಚಿಕ್ಕಮ್ಮ ಮೆಲ್ಲಗೆ ಹೇಳಿದಳು.

ನೀರುಗಂಟಿ ಪುಸ್ತಕ ಎದೆಗವಚಿಕೊಂಡು ಎದ್ದ. ಮಂಡಿ ಕಟಕ್ಕೆಂದಿತು. "ಬಾಜಿ ಅಂದ್ರೆ ಬಾಜಿ," ಅಂದ.

*

ನಡುಮನೆಯಲ್ಲಿ ಹೊರುವವರು ಆಗಲೇ ಬಂದು ನಿಂತಿದ್ದರು. ನೀರುಗಂಟಿ ಹೆಂಡತಿಯ ತಲೆಯ ಹತ್ತಿರ ಸಣ್ಣ ಸ್ಟೂಲು ಎಳೆದುಕೊಂಡು, ಸಂಜೆ ಕೂರುತ್ತಿದ್ದಂತೆಯೇ ಕೂತು, ಪುಸ್ತಕ ತೆರೆದ. ಬ್ರೆಡ್ಡಿನವನು ಏನೋ ಹೇಳಲು ಹೋದ. ಬೈಂಡರು ಅವನ ಕಾಲಿಗೆ ಕೋಲು ತಾಗಿಸಿದ. ಅವನು ಹಿಂದೆ ಸರಿದು ಗೋಡೆಗೆ ನಿಂತ.

ನೀರುಗಂಟಿ ಓದಿದ. ಊರಿಗೆ ಕೇಳಿಸಲೆಂದಲ್ಲ, ಒಬ್ಬಳಿಗೆ ಕೇಳಿಸುವಷ್ಟೇ ದನಿಯಲ್ಲಿ. ಆದರೂ ಎಲ್ಲರಿಗೂ ಕೇಳಿಸಿತು.

"ಗುದ್ದಲಿಯ ಏಟಿಗೆ ಮಣ್ಣಿನ ಹೆಂಟೆ ಬದಿಗೆ ಸರಿಯಿತು. ಅವನು ಕತ್ತಲಲ್ಲಿ ಕೈ ಚಾಚಿದ. ಆಚೆಯಿಂದ ಇನ್ನೊಂದು ಕೈ ಬಂದೀತೆಂದು ಕಾದ. ಬಂದದ್ದು ತಣ್ಣಗಿತ್ತು. ಅದಕ್ಕೆ ಬೆರಳುಗಳಿರಲಿಲ್ಲ. ಅದು ಅವನ ಅಂಗೈ ತುಂಬಿತು, ಪಾದ ಮುಟ್ಟಿತು, ಮೆಲ್ಲಗೆ ಮೊಣಕಾಲಿಗೆ ಬಂತು. ಇಷ್ಟು ದಿನ ತನ್ನ ಕಡೆಗೆ ತೋಡಿಕೊಂಡು ಬರುತ್ತಿದ್ದವರು ಯಾರೆಂದು ಅವನಿಗೆ ತಿಳಿಯಿತು. ಮೇಲೆ ಬಟ್ಟಲಷ್ಟು ಆಕಾಶವಿತ್ತು. ನೋಡುತ್ತಿದ್ದಂತೆ ಕೆಳಗೂ ಒಂದು ಬಟ್ಟಲು ಆಕಾಶವಾಯಿತು."

ಅಷ್ಟೇ. ಮುಂದೆ ಬಿಳಿ ಹಾಳೆ. ಅವನು ಅದನ್ನೂ ಮಗುಚಿ ನೋಡಿ, ಪುಸ್ತಕ ಮಡಿಸಿದ.

"ನೀರೇ ಕಣೇ," ಅಂದ. "ನೀನೇ ಗೆದ್ದೆ."

ಗುರುತು ಅವನ ಕೈಯಲ್ಲಿ ಉಳಿದಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಅದಕ್ಕೆ ಹೋಗಿ ಕೂರಲು ಪುಟವಿರಲಿಲ್ಲ.

"ಸೂಜಿ ತಾಮ್ಮ," ಮಗಳಿಗೆ ಹೇಳಿದ. "ನೀಲಿ ರೀಲೂ."

ಮಗಳು ತಂದುಕೊಟ್ಟಳು. ನೂಲು ಸೂಜಿಯ ಕಣ್ಣಿಗೆ ಹೋಗಲಿಲ್ಲ. ನೆಕ್ಕಿ ಹಾಕಿದ, ಹೊಸೆದು ಹಾಕಿದ. ಸೂಜಿ ಒಂದು ಕಡೆ, ನೂಲು ಒಂದು ಕಡೆ. ಬ್ರೆಡ್ಡಿನವನು ಬಂದು ಬಗ್ಗಿ, ತನ್ನ ಕನ್ನಡಕ ತೆಗೆದು, ನೀರುಗಂಟಿಯ ಮೂಗಿನ ಮೇಲೆ ಕೂರಿಸಿದ. ಆಗ ಹೋಯಿತು. ಅಳತೆ ಎಳೆಯುವುದು, ಕಡಿಯುವುದು ಯಾವುದೂ ನೀರುಗಂಟಿಗೆ ತೋಚಲಿಲ್ಲ. ಅಷ್ಟು ಸಂಜೆ ಎದುರಿಗೆ ಕೂತವನು ಅವಳ ಮುಖ ನೋಡಿದ್ದ, ಪುಸ್ತಕ ನೋಡಿದ್ದ, ದಾರವನ್ನು ನೋಡಿರಲಿಲ್ಲ. ರೀಲನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಅದರಿಂದಲೇ ನೇರವಾಗಿ ಹೊಲಿಯತೊಡಗಿದ.

ಮಗಳು ಬಾಯಿ ತೆರೆದಳು. ತೆರೆದು, ಸುಮ್ಮನಾದಳು.

ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಒಂದು ಅಂಚಿನಿಂದ ಆಚೆಗೇ ಹೋಗಿ ಬೆರಳಿಗೆ ಚುಚ್ಚಿತು. ಸೂಜಿ ಎಳೆದಾಗಲೆಲ್ಲ ಜೇಬಿನೊಳಗೆ ರೀಲು ಅಷ್ಟಷ್ಟು ತಿರುಗಿತು. ಗಂಟೆ ಇನ್ನೊಮ್ಮೆ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಅವನು ಗಂಟು ಹಾಕಿ, ಗಂಟಿನ ಮೇಲೆ ಗಂಟು ಹಾಕಿ, ಸೂಜಿ ಬಿಡಿಸಿ ಮಗಳ ಕೈಗೆ ಕೊಟ್ಟ. ಬಾಯಿ ಮುಚ್ಚಿತ್ತು. ಸೊಟ್ಟಗೆ, ಮಗುವೊಂದು ತುಟಿ ಬಿಗಿದು ನಗು ತಡೆದ ಹಾಗೆ.

ಹೊದಿಕೆ ಸರಿಸಿ, ಹೆಂಡತಿಯ ಅಂಗೈ ಬಿಡಿಸಿ, ಗುರುತನ್ನು ಅಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದ.

"ತಗೋ," ಅಂದ.

ಅವಳನ್ನು ಮಲಗಿಸಿದ್ದ ಹಲಗೆಯನ್ನು ನಾಲ್ವರು ಎತ್ತಿದರು. ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳಕ್ಕೆ ಹೋದರು. ಮಂಜು ಮೇಲೆ ತೆಳುವಾಗಿ, ನೆಲದ ಹತ್ತಿರ ಮಾತ್ರ ಉಳಿದಿತ್ತು. ಹೊರುವವರು ಅದರಲ್ಲಿ ಮೊಣಕಾಲು ಮುಳುಗಿಸಿಕೊಂಡು ನಡೆದರು. ನೀರುಗಂಟಿಯ ಮಂಡಿ ಅವರ ವೇಗಕ್ಕೆ ಬಾರದು. ಅವನು ಹಿಂದೆ, ತನ್ನ ಹೆಜ್ಜೆಯಲ್ಲಿ ಬಂದ.

ಆಗ ಮಗಳು ನೋಡಿದಳು. ಅಮ್ಮನ ಮುಚ್ಚಿದ ಕೈಯಿಂದ ಹೊರಟ ನೀಲಿ ದಾರ ಹಲಗೆಯಂಚಿನಿಂದ ಇಳಿದು, ಅಪ್ಪನ ಕೋಟಿನ ಜೇಬಿಗೆ ಬಂದಿತ್ತು. ಅವಳು ಒಳಗೋಡಿ, ಮೇಜಿನ ಮೇಲಿದ್ದ ಕತ್ತರಿ ಹಿಡಿದು ಬಂದಳು. ಚಿಕ್ಕಮ್ಮ ಅವಳ ಮಣಿಕಟ್ಟು ಹಿಡಿದಳು. ಹಿಡಿದದ್ದು ಮೆಲ್ಲಗೇ, ಆದರೂ ಕತ್ತರಿ ಅಲ್ಲೇ ನಿಂತಿತು.

ಹಲಗೆ ಬೀದಿಗೆ ತಿರುಗಿ ಹೊಳೆಯ ಇಳಿಜಾರಿಗೆ ಬಿತ್ತು. ದಾರ ಬಿಗಿಯಲಿಲ್ಲ, ಹರಿಯಲಿಲ್ಲ, ಬೇಕಾದಷ್ಟು ಬಿಟ್ಟುಕೊಡುತ್ತ ಹೋಯಿತು. ಉಳಿದಿದ್ದ ಮಂಜು ಅದರ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂತು, ಕಾಣದ ದಾರ ಉದ್ದಕ್ಕೂ ಕಾಣತೊಡಗಿತು. ನೀರುಗಂಟಿ ಹಿಂದೆ ನಡೆಯುತ್ತಿದ್ದ. ಅವನ ಜೇಬಿನೊಳಗೆ ರೀಲು, ಯಾರೋ ಪುಟ ಮಗುಚುವಂಥ ಸದ್ದಿನಲ್ಲಿ, ತಿರುಗುತ್ತಿತ್ತು.